ಮ್ಯಾನೇಜರ್ ಮೇಲ್ ಅರ್ಥ ಆಗ್ದಿದ್ರೆ ರಿಪ್ಲೈ ಮಾಡ್ಬೇಕಾ, ಎದ್ದು ಹೋಗಿ ಕೇಳ್ಬೇಕಾ?

ಮೇಲ್ ಅರ್ಧಂಬರ್ಧ ಇರುತ್ತೆ, ವಾಪಸ್ ಕೇಳಿದ್ರೆ ದಡ್ಡ ಅನ್ಕೋತಾರೇನೋ ಅಂತ ಭಯ ಅಂದಿದ್ದೀರ. ಎದ್ದು ಹೋಗಿ ಕೇಳಿ ಸರ್. ನಾನು ಪೀಣ್ಯದಲ್ಲಿ ಒಂದು ಮಷಿನಿಂಗ್ ಕಂಪನೀಲಿ ಡಿಸ್ಪ್ಯಾಚ್ ನೋಡ್ಕೊಳೋನು, ಇಲ್ಲಿ ರಿಪ್ಲೈ ಬರ್ಲಿ ಅಂತ ಕಾಯ್ತಾ ಕೂತ್ರೆ ಲಾರಿ ನೆಲಮಂಗಲ ದಾಟಿರುತ್ತೆ.

ಒಂದು ಸ್ಯಾಂಪಲ್ ಹೇಳ್ತೀನಿ. ಸಂಜೆ ಕ್ವಾಲಿಟಿ ಡಿಪಾರ್ಟ್ಮೆಂಟಿಂದ ಮೇಲ್ ಬರುತ್ತೆ, "ಹೋಲ್ಡ್ ದ ಲಾಟ್, ಡ್ರಾಯಿಂಗ್ ರಿವೈಸ್ಡ್" ಅಂತ, ಅಂದ್ರೆ ಈ ಬ್ಯಾಚ್ ಮಾಲು ನಿಲ್ಸಿ, ಪೀಸಿನ ನಕ್ಷೆ ಬದಲಾಗಿದೆ ಅಂತ, ಅಷ್ಟೇ. ಯಾವ ಲಾಟು, ಪ್ಯಾಕ್ ಆಗಿರೋದಾ ಇನ್ನೂ ಮಷಿನ್ ಮೇಲಿರೋದಾ, ಹಳೇ ಡ್ರಾಯಿಂಗ್ ಪೀಸ್ ಕಸ್ಟಮರ್ ತಗೋತಾರಾ ಇಲ್ವಾ, ಒಂದೂ ಇಲ್ಲ. ಮೇಲಿನ "To" ಲೈನಲ್ಲಿ ನಾಲ್ಕೈದು ಜನ ಬೇರೆ, ಹಂಗಾಗಿ ಒಬ್ಬೊಬ್ರೂ ಇನ್ನೊಬ್ರು ನೋಡ್ಕೋತಾರೆ ಬಿಡು ಅಂತ ಸುಮ್ನಿರ್ತಾರೆ. ಇತ್ತ ನಮಗೆ ಟೈಮ್ ಓಡ್ತಿರುತ್ತೆ, ಯಾಕಂದ್ರೆ ಲಾಟ್ ನಿಲ್ಸೋದಾದ್ರೆ ಅದರ ಬಿಲ್ಲೂ ಕ್ಯಾನ್ಸಲ್ ಆಗ್ಬೇಕು, ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲಲ್ಲಿ ರಿಜಿಸ್ಟರ್ ಆಗೋ ಜಿಎಸ್‌ಟಿ ಬಿಲ್ಲು) ಜನರೇಟ್ ಆದ್ಮೇಲೆ ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಮಾಡೋಕೆ 24 ಗಂಟೆ ಅಷ್ಟೇ, ಇ-ವೇ ಬಿಲ್ (ಮಾಲು ಸಾಗ್ಸೋಕೆ ಬೇಕಾದ ಆನ್‌ಲೈನ್ ದಾಖಲೆ) ಆಗಿದ್ರೆ ಮೊದ್ಲು ಅದನ್ನ ಕ್ಯಾನ್ಸಲ್ ಮಾಡ್ಬೇಕು, ಅದಕ್ಕೂ 24 ಗಂಟೇನೇ, ಅದು ದಾಟಿದ್ರೆ ಬಿಲ್ ಮೊತ್ತ ಕಡಿಮೆ ಮಾಡೋ ಕ್ರೆಡಿಟ್ ನೋಟು ಅದೂ ಇದೂ ಅಂತ ಅಕೌಂಟ್ಸ್‌ನೋರ ಹತ್ರ ಉಗಿಸ್ಕೋಬೇಕು. ಕ್ವಾಲಿಟಿ ರೂಮು ಪಕ್ಕದಲ್ಲೇ ಇದೆ, ಹೋಗಿ ಕೇಳಿದ್ರೆ "ಇವತ್ತಿಂದು ಹೋಗ್ಲಿ ರೀ, ನಾಳೆಯಿಂದ ಹೊಸ ರಿವಿಷನ್ನು" ಅಂತಾರೆ, ಮುಗೀತು.

ಆದ್ರೆ ಕೇಳೋ ರೀತಿ ಇದೆ. "ಸಾರ್ ನಿಮ್ಮ ಮೇಲ್ ಅರ್ಥ ಆಗ್ಲಿಲ್ಲ" ಅಂದ್ರೆ ನಿಮ್ಮ ಭಯ ನಿಜ ಆಗ್ಬೋದು. "ಸಾರ್, ಪ್ಯಾಕ್ ಆಗಿರೋದನ್ನ ನಿಲ್ಲಿಸ್ತೀನಿ, ಮಷಿನ್ ಮೇಲಿರೋದು ಓಡ್ಲಿ, ಸರೀನಾ?" ಅಂತ ನಿಮ್ಗೆ ಗೊತ್ತಾಗಿದ್ದನ್ನ ಮುಂದಿಡಿ, ತಪ್ಪಿದ್ರೆ ಅವ್ರೇ ತಿದ್ತಾರೆ. ಎಷ್ಟೋ ಸಲ ಅವ್ರಿಗೇ ಇನ್ನೂ ತೀರ್ಮಾನ ಆಗಿರಲ್ಲ, ಮೇಲಿಂದ ಬಂದಿದ್ದನ್ನ ಹಂಗೇ ಫಾರ್ವರ್ಡ್ ಒತ್ತಿರ್ತಾರೆ, ನೀವು ಕೇಳಿದ್ಮೇಲೇ ಯೋಚ್ನೆ ಶುರು ಆಗೋದು. ಬೇರೆ ಊರಲ್ಲಿದ್ರೆ ಫೋನ್ ಮಾಡಿ. ಚಾಟಲ್ಲಿ ಬರೀ "ಹಾಯ್ ಸರ್" ಅಂತ ಹಾಕಿ ಕಾಯೋದು ಮಾತ್ರ ಬೇಡ ಮಾರಾಯ್ರೇ.

ಮಾತಾಡಿ ಬಂದ್ಮೇಲೆ ಅದೇ ಮೇಲ್‌ಗೆ ಎರಡು ಲೈನ್ ಹಾಕಿ, "ಮಾತಾಡಿದ ಪ್ರಕಾರ ಇಂಥ ಲಾಟ್ ಕಳಿಸ್ತಿದ್ದೀವಿ, ಇಂಥದ್ದು ನಿಲ್ಲಿಸಿದ್ದೀವಿ" ಅಂತ. ಇದನ್ನ ತಪ್ಪಿಸ್ಬೇಡಿ. ಐಎಸ್‌ಒ 9001 ಅನ್ನೋ ಕ್ವಾಲಿಟಿ ಸರ್ಟಿಫಿಕೇಟಿನ ಆಡಿಟ್‌ಗೆ ಬಂದೋರು ರೆಕಾರ್ಡ್ ತೋರ್ಸಿ ಅಂತಾರೆ, ಬಾಯಲ್ಲಿ ಹೇಳಿದ್ರು ಸಾರ್ ಅಂದ್ರೆ ನಡಿಯಲ್ಲ, ಮತ್ತೆ ಕ್ವಾಲಿಟಿಯೋರು ಶಿಫ್ಟ್ ಬದಲಾದ್ರೆ ನಾಳೆ ಬಂದೋರಿಗೆ ನೀವಿಬ್ರು ಮಾತಾಡಿದ್ದು ಹೆಂಗೆ ಗೊತ್ತಾಗ್ಬೇಕು.

ಇನ್ನೊಂದು ಜಾತಿ ಇದೆ, ಬೇಕಂತ್ಲೇ ಗೋಜಲು ಗೋಜಲಾಗಿ ಬರೆಯೋರು. ಸರಿ ಹೋದ್ರೆ ನಾನೇ ಹೇಳಿದ್ದು, ಕೆಟ್ರೆ ನಾನೆಲ್ಲಿ ಹೇಳ್ದೆ ಅನ್ನೋರು. ಅಂಥೋರ ಹತ್ರ ಮಾತಾಡಿ, ಬೇಡ ಅನ್ನಲ್ಲ, ಆದ್ರೆ ಎದ್ದು ಬರೋ ಮುಂಚೆ ಅಲ್ಲೇ ನಿಂತು ಮೊಬೈಲಲ್ಲಿ ಆ ಎರಡು ಲೈನ್ ಮೇಲ್ ಕಳ್ಸಿ, "ಸಾರ್ ಕಳ್ಸಿದ್ದೀನಿ, ಒಂದ್ಸಲ ನೋಡಿ ಓಕೆ ಅನ್ಬಿಡಿ" ಅನ್ನಿ. ಓಕೆ ಬರೋವರೆಗೂ ಗೇಟ್ ಪಾಸ್‌ಗೆ ಸೈನ್ ಹಾಕ್ಬೇಡಿ.