ಶವ, ಮೂಳೆ, ರಕ್ತವನ್ನು ವಿಜ್ಞಾನದಿಂದ ಪರೀಕ್ಷಿಸಿ ಕೊಲೆಗಾರನನ್ನು ಹುಡುಕುವ ಫೊರೆನ್ಸಿಕ್ ಥ್ರಿಲ್ಲರ್ ಸರಣಿಗಳನ್ನು ಮೊದಲ ಪುಸ್ತಕದಿಂದಲೇ ಓದಬೇಕೇ? ಅವುಗಳಲ್ಲಿನ ವಿಜ್ಞಾನ ನಂಬಬಹುದೇ?

ಮೊದಲ ಪ್ರಶ್ನೆಗೆ ಉತ್ತರ ಹೌದು, ಖಂಡಿತ ಮೊದಲಿನಿಂದಲೇ ಓದಿ. ಎರಡನೆಯದಕ್ಕೆ: ಪುಸ್ತಕ ಬಂದ ವರ್ಷವನ್ನೂ ಕಥೆ ನಡೆಯುವ ಊರನ್ನೂ ಗಮನಿಸಿ ನಂಬಬಹುದು.

ನಾನು ಕೋಲಾರದಲ್ಲಿ ವಕೀಲ. ಸಾಕ್ಷಿಗಳ ಮುಂದೆ ಬರೆಯುವ ಶವ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಇವು ನನ್ನ ದಿನನಿತ್ಯದ ಓದು. ಆದರೂ ಸಂಜೆ ಮನೆಗೆ ಬಂದು ಕೈಗೆತ್ತಿಕೊಳ್ಳುವುದು ಇಂಥ ಕಾದಂಬರಿಗಳನ್ನೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಮೊದಮೊದಲು ಇಲ್ಲಿನ ನಡಿಗೆ ನಿಧಾನ ಎನಿಸಬಹುದು. ಒಂದು ಮೂಳೆಯ ಮುಂದೆ ನಾಯಕಿ ಪುಟಗಟ್ಟಲೆ ಕುಳಿತಿರುತ್ತಾಳೆ. ನನಗೆ ಇಷ್ಟವಾಗುವುದು ಆ ತಾಳ್ಮೆಯೇ.

ಕ್ರಮದ ವಿಷಯಕ್ಕೆ ಬರುತ್ತೇನೆ. ಪೆಟ್ರೀಷಿಯಾ ಕಾರ್ನ್‌ವೆಲ್ ಅವರ ಕೇ ಸ್ಕಾರ್ಪೆಟ್ಟಾ ಎಂಬ ಶವಪರೀಕ್ಷೆಯ ವೈದ್ಯೆಯ ಸರಣಿ ಶುರುವಾದದ್ದು 1990ರಲ್ಲಿ, ‘ಪೋಸ್ಟ್‌ಮಾರ್ಟಮ್’ ಕಾದಂಬರಿಯಿಂದ. ಬ್ರಿಟಿಷ್ ವಿಜ್ಞಾನಿ ಅಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚಿನ, ಅಂದರೆ ರಕ್ತದಂಥ ಮಾದರಿಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ಕಂಡುಕೊಂಡದ್ದು 1984ರಲ್ಲಿ. ಅದರ ನೆರವಿನಿಂದ ಇಂಗ್ಲೆಂಡಿನಲ್ಲಿ ಕೊಲೆಗಾರನೊಬ್ಬನಿಗೆ ಮೊದಲು ಶಿಕ್ಷೆಯಾದದ್ದು 1988ರಲ್ಲಿ. ಅಂದರೆ ಸ್ಕಾರ್ಪೆಟ್ಟಾ ಕೆಲಸಕ್ಕಿಳಿದಾಗ ಆ ಪರೀಕ್ಷೆ ಇನ್ನೂ ಹೊಸದು. ಆಗ ದೊಡ್ಡ ಮಾದರಿಯೇ ಬೇಕಿತ್ತು, ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಇತ್ತೀಚಿನ ಪುಸ್ತಕ ಓದಿ ಹಿಂದಕ್ಕೆ ಹೋದರೆ ಈ ಪರದಾಟ ಅರ್ಥವಾಗುವುದಿಲ್ಲ. ಕ್ರಮವಾಗಿ ಓದಿದರೆ ಪಾತ್ರಗಳ ಜೊತೆಗೆ ಪ್ರಯೋಗಾಲಯವೂ ಬೆಳೆಯುವುದು ಕಾಣುತ್ತದೆ. ಇನ್ನೊಂದು ಮಾತು: ಈ ಸರಣಿಯಲ್ಲಿ ನಾಯಕಿಯೇ ಕಥೆ ಹೇಳುವ ರೀತಿ 2003ರಲ್ಲಿ ಬದಲಾಗಿ, 2010ರಲ್ಲಿ ಮತ್ತೆ ಮೊದಲಿನಂತಾಗುತ್ತದೆ. ನಡುವಿನ ಪುಸ್ತಕವೊಂದನ್ನು ಮೊದಲು ಹಿಡಿದರೆ ಸರಣಿಯ ನಿಜವಾದ ದನಿ ನಿಮಗೆ ಸಿಗುವುದಿಲ್ಲ.

ಒಂದನ್ನೇ ಆರಿಸಿ ಎಂದರೆ ನಾನು ಕ್ಯಾಥಿ ರೈಕ್ಸ್ ಅವರ ಟೆಂಪರೆನ್ಸ್ ಬ್ರೆನ್ನನ್ ಸರಣಿಯನ್ನು ಹೇಳುತ್ತೇನೆ. ಮೊದಲನೆಯದು 1997ರ ‘ಡೇಜಾ ಡೆಡ್’. ಲೇಖಕಿ ಸ್ವತಃ ಮೂಳೆಗಳನ್ನು ಪರೀಕ್ಷಿಸುವ ಫೊರೆನ್ಸಿಕ್ ಮಾನವಶಾಸ್ತ್ರಜ್ಞೆ. ಕಥೆ ನಡೆಯುವ ಕೆನಡಾದ ಮಾಂಟ್ರಿಯಲ್‌ನಲ್ಲಿಯೇ ಕೆಲಸ ಮಾಡಿದವರು. ಗರಗಸದ ಹಲ್ಲು ಮೂಳೆಯ ಮೇಲೆ ಬಿಟ್ಟ ಗೀರುಗಳನ್ನು ನಾಯಕಿ ಬಿಡಿಸಿ ನೋಡುವ ಭಾಗವನ್ನು ಅವಸರ ಮಾಡದೆ ಓದಿ.

ಈಗ ಊರಿನ ಮಾತು. ಸತ್ತ ಹೊತ್ತನ್ನು ಅಂದಾಜು ಮಾಡಲು ದೇಹ ತಣ್ಣಗಾದದ್ದು, ಸೆಟೆದದ್ದು, ಕೊಳೆಯಲು ಶುರುವಾದದ್ದು ಎಲ್ಲವನ್ನೂ ನೋಡುತ್ತಾರೆ. ಎಲ್ಲವೂ ಹವೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತವೆ. ಮಾಂಟ್ರಿಯಲ್‌ನ ಚಳಿಗಾಲದ ಲೆಕ್ಕವನ್ನು ಏಪ್ರಿಲ್ ತಿಂಗಳ ನಮ್ಮ ಜಿಲ್ಲೆಯ ಮುಳಬಾಗಿಲಿಗೆ ತಂದು ಹಾಕಿದರೆ ತಪ್ಪಾಗುತ್ತದೆ. ಬಿಸಿಲಿನಲ್ಲಿ ದೇಹ ಬೇಗ ಸೆಟೆಯುತ್ತದೆ, ಬೇಗ ಸಡಿಲವಾಗುತ್ತದೆ, ಕೊಳೆಯುವುದೂ ಬೇಗ.

ನೀರಿನಲ್ಲಿ ಸಿಕ್ಕ ಶವದ ಪ್ರಶ್ನೆ ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ್ದು, ಏಕೆಂದರೆ ಇದು ಕೆರೆಗಳ ನಾಡು. ಕೆರೆಯ ನೀರಿನಲ್ಲಿ ಡಯಾಟಮ್ ಎಂಬ, ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದರ ಕವಚ ಸಿಲಿಕಾದ್ದು, ಆಮ್ಲಕ್ಕೂ ಕರಗುವುದಿಲ್ಲ. ಬದುಕಿದ್ದವರು ಮುಳುಗಿದರೆ ಶ್ವಾಸಕೋಶಕ್ಕೆ ನುಗ್ಗಿದ ನೀರಿನಿಂದ ಡಯಾಟಮ್ ರಕ್ತಕ್ಕೆ ಸೇರುತ್ತದೆ, ಹೃದಯ ಇನ್ನೂ ಬಡಿಯುತ್ತಿರುವುದರಿಂದ ತೊಡೆಮೂಳೆಯ ಮಜ್ಜೆಯವರೆಗೂ ತಲುಪುತ್ತದೆ. ಸತ್ತ ಮೇಲೆ ಎಸೆದ ದೇಹದಲ್ಲಿ ಹಾಗೆ ಹರಡಲು ರಕ್ತದ ಓಟವೇ ಇರುವುದಿಲ್ಲ. ಮಜ್ಜೆಯಲ್ಲಿ ಸಿಕ್ಕ ಬಗೆಯೂ ಕೆರೆಯಲ್ಲಿರುವ ಬಗೆಯೂ ಹೊಂದುತ್ತವೆಯೇ ಎಂದು ನೋಡಬೇಕಾದರೆ ಆ ಕೆರೆಯ ನೀರೂ ಪ್ರಯೋಗಾಲಯಕ್ಕೆ ಹೋಗಬೇಕು. ನೀರಿನ ಗುಣ ಬದಲಾದರೆ ಡಯಾಟಮ್‌ಗಳೂ ಬದಲಾಗುತ್ತವೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಎಷ್ಟೋ ಕೆರೆಗಳಿಗೆ ಹರಿಯುತ್ತಿದೆ ಎಂಬುದನ್ನೂ ನೆನಪಿಡಿ. ಡಯಾಟಮ್ ಸಿಗಲಿಲ್ಲ ಎಂದ ಮಾತ್ರಕ್ಕೆ ಮುಳುಗಿ ಸತ್ತಿಲ್ಲ ಎಂದು ಹೇಳಲಾಗದು. ಕೆರೆಯ ನೀರನ್ನು ಸಂಗ್ರಹಿಸಿದ್ದರೇ ಎಂದು ಪಾಟೀ ಸವಾಲಿನಲ್ಲಿ ತನಿಖಾಧಿಕಾರಿಯನ್ನು ಕೇಳುವ ಅಭ್ಯಾಸ ನನಗೆ ಬಂದದ್ದು ಕಾದಂಬರಿ ಓದಿದ ಮೇಲೆಯೇ.

ಈ ಪುಸ್ತಕಗಳನ್ನು ನಂಬಬಾರದ ಜಾಗವೂ ಒಂದಿದೆ. ಅಲ್ಲಿ ನಾಯಕಿಯೊಬ್ಬಳೇ ಶವ ನೋಡುತ್ತಾಳೆ, ಸ್ಥಳಕ್ಕೆ ಓಡುತ್ತಾಳೆ, ಕೊಲೆಗಾರನ ಎದುರಿಗೂ ನಿಲ್ಲುತ್ತಾಳೆ. ನಮ್ಮಲ್ಲಿ ಪಂಚರ (ಸಾಕ್ಷಿಗಳ) ಮುಂದೆ ಮಹಜರು ಬರೆಯುವವರು ಬೇರೆ, ದೇಹ ಕೊಯ್ಯುವ ವೈದ್ಯರು ಬೇರೆ, ಒಳಾಂಗಗಳ ತುಣುಕನ್ನು ಪರೀಕ್ಷಿಸುವ ತಜ್ಞರು ಬೇರೆ. ವಿಷದ ಅನುಮಾನವಿದ್ದಾಗ ಆ ತುಣುಕುಗಳನ್ನು ಗಟ್ಟಿ ಉಪ್ಪುನೀರಿನ ಬಾಟಲಿಯಲ್ಲಿ ಹಾಕಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮೊಹರು ಹಾಗೆಯೇ ಇತ್ತೇ ಎಂಬುದರ ಮೇಲೆ ಪ್ರಕರಣವೇ ನಿಲ್ಲಬಹುದು, ಬೀಳಬಹುದು. 2024ರ ಜುಲೈ 1ರಂದು ಜಾರಿಗೆ ಬಂದ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಇದು ಬರಲೇಬೇಕಿದ್ದ ಕಾನೂನು ಎಂದು ನಾನು ಮನಸಾರೆ ನಂಬುತ್ತೇನೆ.

ಇಂಗ್ಲಿಷ್‌ನಲ್ಲಿ ಮೂಳೆಗಳ ಹೆಸರು ಬಂದಾಗಲೆಲ್ಲ ನಿಘಂಟು ತೆರೆಯಬೇಡಿ. ಅವೇ ಹೆಸರುಗಳು ಮತ್ತೆ ಮತ್ತೆ ಬಂದು ತಾವಾಗಿ ಪರಿಚಯವಾಗುತ್ತವೆ. ‘ಡೇಜಾ ಡೆಡ್’ನಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿವರಗಳು ಕಠಿಣವಾಗಿವೆ. ಅದು ನಿಮಗೆ ಸಹಿಸಲಾಗದು ಎನ್ನಿಸಿದರೆ ಆ ಪುಟಗಳನ್ನು ದಾಟಿಕೊಂಡು ಪ್ರಯೋಗಾಲಯದ ಭಾಗಗಳನ್ನು ಓದಿ, ಕಥೆಯ ಎಳೆ ತಪ್ಪುವುದಿಲ್ಲ.