ಬಾಯಿಗೂಡುವ ತನಕ ಕಾಯಿರಿ

ರಾಯಬಾಗ ತಾಲ್ಲೂಕಿನ ಯುವ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕಳೆದ ಕಾರ್ತಿಕದಲ್ಲಿ ಮಹಾರಾಷ್ಟ್ರದ ಅಕಲೂಜದ ಕುದುರೆ ಬಾಜಾರಿಗೆ ಹೋಗಿ ಒಂದು ಗಂಡು ಮರಿ ತಂದಿದ್ದಾರೆ. ಕಾಠೇವಾಡಿ ಜಾತಿ, ಕೆಂದ ಬಣ್ಣ, ಈಗ ಇಪ್ಪತ್ತಾರು ತಿಂಗಳು. ಊರ ಜಾತ್ರೆಯ ಶರ್ಯತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ಈ ವರ್ಷವೇ ಗಾಡಿಗೆ ಕಟ್ಟಬೇಕು ಅಂತ ಅವರ ಆಸೆ. ಮನೆಯಲ್ಲಿ ಕಾಕಾ ಬೇಡ ಅನ್ನುತ್ತಿದ್ದಾರೆ. ಇನ್ನೂ ಎರಡು ವರ್ಷ ಕಾಯಬೇಕಂತೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮುಂಬೈ, ಬೆಂಗಳೂರಿನ ರೇಸಿನಲ್ಲಿ ಎರಡು ವರ್ಷದ ಕುದುರೆ ಓಡುತ್ತದೆ. ನಮ್ಮದು ಯಾಕೆ ಓಡಬಾರದು? ಸುಮ್ನೆ ಕಟ್ಟಿಹಾಕಿ ಎರಡು ವರ್ಷ ಹುರುಳಿ ತಿನ್ನಿಸಿದರೆ ಯಾವ ಲೆಕ್ಕಕ್ಕೆ ಬಂತು? ಕಾಕಾನಿಗೆ ನೀವೇ ಒಂದು ಮಾತು ಹೇಳಿ" ಎಂದು ಕೇಳಿದ್ದಾರೆ.

ಉತ್ತರ: ತಮ್ಮಾ, ಕಾಕಾನಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಹೇಳಬೇಕಾದದ್ದೆಲ್ಲ ನಿಮಗೇ ಇದೆ.

ಮೊದಲು ನಿಮ್ಮ ಮಾತಿನಲ್ಲಿ ಖರೆ ಇರುವಷ್ಟನ್ನು ಒಪ್ಪಿಕೊಳ್ಳುತ್ತೇನೆ. ಮರಿಯನ್ನು ನಾಲ್ಕು ವರ್ಷ ಲಾಯದಲ್ಲಿ ಕಟ್ಟಿಹಾಕಿದರೆ ಅದರ ಎಲುಬು ಗಟ್ಟಿಯಾಗುವುದಿಲ್ಲ. ಎಳೆಯದರಲ್ಲಿ ಓಡಾಡಿದ, ಬಯಲಲ್ಲಿ ಜಿಗಿದಾಡಿದ ಮರಿಯ ಎಲುಬೇ ಹೆಚ್ಚು ಗಟ್ಟಿ ಎಂದು ಪಶುವೈದ್ಯರೂ ಹೇಳುತ್ತಾರೆ. ರೇಸ್ ಕೋರ್ಸಿನಲ್ಲಿ ಎರಡು ವರ್ಷದ ಕುದುರೆ ಓಡುವುದೂ ನಿಜ. ಅಲ್ಲಿ ಮೆತ್ತನೆಯ ನೆಲ ಇದೆ, ದಿನಾ ಕಾಲು ಮುಟ್ಟಿ ನೋಡುವ ವೈದ್ಯರಿದ್ದಾರೆ, ಎಕ್ಸ್‌ರೇ ಇದೆ. ಇಷ್ಟಿದ್ದೂ ಎಷ್ಟೋ ಎಳೆ ಕುದುರೆಗಳ ಮುಂಗಾಲು ಅಲ್ಲಿ ಬಾತುಕೊಳ್ಳುತ್ತವೆ. ನಿಮ್ಮ ಮರಿ ಓಡಬೇಕಾದದ್ದು ಡಾಂಬರು ರಸ್ತೆಯ ಮೇಲೆ. ಬೆನ್ನ ಹಿಂದೆ ಗಾಡಿ, ಅಕ್ಕಪಕ್ಕ ಹಾರ್ನ್ ಹೊಡೆಯುವ ಇಪ್ಪತ್ತು ಬೈಕು.

ನೀವು ಮುಂಬೈ ಹೆಸರು ಎತ್ತಿದಿರಿ. ಮುಂಬೈಯಲ್ಲಿ 1943ರಿಂದ ನಡೆಯುವ ಇಂಡಿಯನ್ ಡರ್ಬಿ ಈ ದೇಶದ ದೊಡ್ಡ ರೇಸು. ಅದು ನಾಲ್ಕು ವರ್ಷದ ಕುದುರೆಗಳ ರೇಸು. ಎರಡು ವರ್ಷದ್ದಕ್ಕೆ ಅಲ್ಲಿ ಜಾಗ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ಎಕ್ಲಿಪ್ಸ್ ಎಂಬ ಕುದುರೆ ಇತ್ತು. 1764ರ ಸೂರ್ಯಗ್ರಹಣದ ದಿನ ಹುಟ್ಟಿದ್ದಕ್ಕೆ ಆ ಹೆಸರು. ಅದು ಮೊದಲ ರೇಸು ಓಡಿದ್ದು 1769ರಲ್ಲಿ, ಐದು ವರ್ಷ ತುಂಬಿದ ಮೇಲೆ. ಓಡಿದ ಹದಿನೆಂಟೂ ರೇಸು ಗೆದ್ದಿತು. ಇವತ್ತು ಜಗತ್ತಿನ ರೇಸ್ ಕುದುರೆಗಳಲ್ಲಿ ಬಹುಪಾಲು ತಂದೆಯ ಕಡೆಯಿಂದ ಅದರದೇ ವಂಶ. ಆ ಕಾಲದಲ್ಲಿ ಐದು ವರ್ಷಕ್ಕೆ ಓಟ ಶುರು ಮಾಡುವುದು ಸಾಮಾನ್ಯವೇ ಆಗಿತ್ತು. ಮೂರು ವರ್ಷದವುಗಳ ಇಂಗ್ಲೆಂಡಿನ ಡರ್ಬಿ ರೇಸು ಶುರುವಾದದ್ದು 1780ರಲ್ಲಿ. ಎರಡು ವರ್ಷದ ಮರಿಗಳನ್ನೂ ಅದೇ ಕಾಲಕ್ಕೆ ಓಡಿಸತೊಡಗಿದರು. ಆ ಹೊತ್ತಿಗೆ ಕುದುರೆಯ ಎಲುಬು ಬದಲಾಗಿರಲಿಲ್ಲ. ಬಾಜಿ ಕಟ್ಟುವವರಿಗೆ, ದುಡ್ಡು ಹಾಕಿದವರಿಗೆ ಕಾಯುವ ತಾಳ್ಮೆ ಕಡಿಮೆಯಾಗಿತ್ತು. ನೀವು ಮಾದರಿ ಅಂತ ತೋರಿಸುತ್ತಿರುವುದು ಆ ಅವಸರವನ್ನು.

ಈಗ ಎಲುಬಿನ ಮಾತು. ಎಳೆಯ ಎಲುಬಿನ ತುದಿಯಲ್ಲಿ ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಬೆಳವಣಿಗೆ ಮುಗಿದ ಮೇಲೆ ಆ ಪಟ್ಟಿಯೂ ಗಟ್ಟಿ ಎಲುಬಾಗುತ್ತದೆ. ಕುದುರೆಯಲ್ಲಿ ಇದು ಹೆಚ್ಚುಕಡಿಮೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಗೊರಸಿನ ಹತ್ತಿರದ ಎಲುಬು ಒಂದು ವರ್ಷದ ಆಸುಪಾಸಿಗೆ ಮುಗಿಯುತ್ತದೆ. ಮುಂಗಾಲಿನ ಮೊಣಕಾಲ ಮೇಲಿನದಕ್ಕೆ ಎರಡೂವರೆ ವರ್ಷದವರೆಗೆ ಬೇಕು. ಹೆಗಲಿಗೆ ಮೂರು ದಾಟಬೇಕು. ಎಲ್ಲಕ್ಕಿಂತ ಕಡೆಗೆ ಬೆನ್ನೆಲುಬು, ಅದು ಐದು ವರ್ಷ ದಾಟಿದ ಮೇಲೆ. ಅಂದರೆ ನಾವು ಜೀನು ಹಾಕಿ ಕೂರುವ ಜಾಗವೇ ಎಲ್ಲಕ್ಕಿಂತ ತಡ.

ಮೋಸ ಎಲ್ಲಿ ಆಗುತ್ತದೆ ಗೊತ್ತಾ? ನಾಲ್ಕು ತಿಂಗಳು ಓಡಿಸಿದರೆ ಮರಿಯ ದಮ್ಮು ಬೆಳೆಯುತ್ತದೆ, ಮಾಂಸಖಂಡ ತುಂಬಿಕೊಳ್ಳುತ್ತದೆ. ಎದೆ ಅಗಲ ಕಾಣುತ್ತದೆ. ನೋಡಿದವರು "ತಯಾರಾಗ್ಯದ" ಅನ್ನುತ್ತಾರೆ. ಎಲುಬು ಮತ್ತು ಕಾಲ ಹಿಂದಿನ ಗಟ್ಟಿ ನರ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ) ಇನ್ನೂ ತಯಾರಾಗಿರುವುದಿಲ್ಲ. ಆ ನರಕ್ಕೆ ರಕ್ತ ಹರಿಯುವುದೇ ಕಡಿಮೆ. ಬೆಳೆಯುವುದೂ ನಿಧಾನ, ಹರಿದರೆ ಕೂಡುವುದೂ ನಿಧಾನ. ನಾಗಾಲೋಟದಲ್ಲಿ ಕ್ಷಣ ಮಾತ್ರ ಒಂದೇ ಮುಂಗಾಲ ಮೇಲೆ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದೆ. ಅದು ಮರಿ, ತನ್ನ ಕಾಲಿನ ಹದ ಅದಕ್ಕೆ ತಿಳಿಯದು. ಓಡು ಅಂದರೆ ಓಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಮಾವನ ಊರು ಘಟಪ್ರಭಾ ದಂಡೆಯದು. ನನಗಾಗ ಹನ್ನೊಂದು ವರ್ಷ. ಮಾವ ಒಂದು ಕಪ್ಪು ಮರಿ ತಂದಿದ್ದ, ಹೆಸರು ಬಿಜಲಿ. ಎರಡು ವರ್ಷಕ್ಕೇ ಗಾಡಿ ಕಟ್ಟಿದ. ಮೊದಲ ಶರ್ಯತ್ತಿನಲ್ಲಿ ಗೆದ್ದಿತು. ಊರ ತುಂಬ ಗುಲಾಲು. ಅದರ ಕೊರಳಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ನಾನೇ ಬಿಚ್ಚಿದ್ದು. ಮುಂದಿನ ವರ್ಷ ಒಂದು ತಿರುವಿನಲ್ಲಿ ಮುಂಗಾಲು ಸೊಟ್ಟ ಬಿತ್ತು. ರಾತ್ರಿ ಹೊತ್ತಿಗೆ ಕಾಲು ಕುಂಬಳಕಾಯಿಯಷ್ಟು ಬಾತಿತ್ತು. ಅರಿಶಿನ ಹಚ್ಚಿದರು, ಕಾವು ಕೊಟ್ಟರು, ಪಟ್ಟಿ ಕಟ್ಟಿದರು. ಕುಂಟು ಹೋಗಲೇ ಇಲ್ಲ. ಕಡೆಗೆ ಅದನ್ನು ಒಂದು ಇಟ್ಟಂಗಿ ಭಟ್ಟಿಗೆ ಮಾರಿದರು. ಮಾವ ಮತ್ತೆ ಕುದುರೆ ಕಟ್ಟಲಿಲ್ಲ. ಬಿಜಲಿಗೆ ಆಗ ಮೂರು ವರ್ಷ ನಾಲ್ಕು ತಿಂಗಳು. ಸರಿಯಾಗಿ ಸಾಕಿದ ಕುದುರೆ ಇಪ್ಪತ್ತೈದು ವರ್ಷ ಬಾಳುತ್ತದೆ ತಮ್ಮಾ.

ಇನ್ನು ನಿಮ್ಮ ಗಾದೆ. ಗಿಡವಾಗಿ ಬಗ್ಗಿಸಬೇಕು, ಖರೆ. ಬಗ್ಗಿಸುವುದು ಬೇರೆ, ಗಿಡದ ಮೇಲೆ ಜೋಕಾಲಿ ಕಟ್ಟುವುದು ಬೇರೆ. ಈ ಎರಡು ವರ್ಷ ಮರಿಯನ್ನು ಸುಮ್ನೆ ಇಡಿ ಅಂತ ನಿಮ್ಮ ಕಾಕಾ ಎಲ್ಲೂ ಹೇಳಿಲ್ಲ. ನಿಮ್ಮ ಪತ್ರದಲ್ಲೇ ಇದೆ, ದಿನಾ ಬೆಳಿಗ್ಗೆ ಅವರು ಮರಿಯನ್ನು ಹೊಳೆಗೆ ನಡೆಸಿಕೊಂಡು ಹೋಗುತ್ತಾರೆ ಅಂತ. ಪಾಠ ಶುರುವಾಗಿಬಿಟ್ಟಿದೆ. ನಿಮಗೆ ಅದು ಕಾಣಿಸಿಲ್ಲ, ಅಷ್ಟೇ.

ವಿಜಯಪುರದಲ್ಲಿ ನಾನು ಕೆಲಸಕ್ಕಿದ್ದಾಗ ಒಬ್ಬ ಟಾಂಗಾ ಅಜ್ಜನ ಸ್ನೇಹವಾಗಿತ್ತು. ಹೊಸ ಮರಿ ತಂದರೆ ಅವರು ಆರು ತಿಂಗಳು ಗಾಡಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮೈ ತಿಕ್ಕುವುದು, ನಾಲ್ಕೂ ಗೊರಸು ಎತ್ತಿ ಬಡಿದು ನೋಡುವುದು, ಕಿವಿ ಮುಟ್ಟುವುದು. ನಾಲು (ಲಾಳ) ಬಡಿಯುವವನು ಬಂದ ದಿನ ಮರಿಗೆ ಏನೂ ಹೊಸದು ಅನ್ನಿಸಬಾರದು. ಆಮೇಲೆ ಬೆನ್ನ ಮೇಲೆ ಒಂದು ಗೋಣಿಚೀಲ. ಆಮೇಲೆ ಖಾಲಿ ಸಜ್ಜು. ಆಮೇಲೆ ಎರಡು ಉದ್ದ ಹಗ್ಗ ಹಿಡಿದು ಹಿಂದಿನಿಂದ ತಾವು ನಡೆಯುವುದು, ಮರಿ ಮುಂದೆ. ಕಡೆಗೆ ಒಂದು ಹಳೆಯ ಟೈರು ಕಟ್ಟಿ ಎಳೆಸುವುದು, ಬೆನ್ನ ಹಿಂದಿನ ಸದ್ದಿಗೆ ಹೆದರಬಾರದು ಅಂತ. ದಿನಕ್ಕೆ ಇಪ್ಪತ್ತು ನಿಮಿಷ, ಜಾಸ್ತಿ ಇಲ್ಲ. ಅವರ ಕುದುರೆ ಗೋಳಗುಮ್ಮಟದ ಮುಂದೆ ಬಸ್ಸುಗಳ ನಡುವೆ ಲಗಾಮು ಹಿಡಿಯುವವರಿಲ್ಲದೆ ನಿಂತಿರುತ್ತಿತ್ತು.

ನಾನೊಮ್ಮೆ ಹಗ್ಗ ಹಿಡಿದು ನೋಡಿದೆ. ಜಗ್ಗಿದಷ್ಟೂ ಮರಿ ಎದುರು ಜಗ್ಗಿತು. ಅಜ್ಜ ನಕ್ಕು, "ಬಿಡೂದು ಕಲೀರಿ ಸಾಹೇಬ್ರ, ಜಗ್ಗೂದು ಎಲ್ಲಾರಿಗೂ ಬರ್ತದ" ಅಂದರು. ಕುದುರೆ ಕಲಿಯುವ ಗುಟ್ಟು ಇದರಲ್ಲೇ ಇದೆ. ಲಗಾಮು ಎಳೆದಾಗ ಅದು ಏನೂ ಕಲಿಯುವುದಿಲ್ಲ. ಅದು ಒಂದು ಹೆಜ್ಜೆ ಮಾತು ಕೇಳಿತು ಅನ್ನಿ, ಆ ಕ್ಷಣವೇ ಕೈ ಸಡಿಲ ಬಿಡಬೇಕು. ಹೀಗೆ ಮಾಡಿದರೆ ಕೈ ಸಡಿಲಾಯಿತು, ಅಂತ ಆಗ ಅದಕ್ಕೆ ಗೊತ್ತಾಗುತ್ತದೆ. ಬಿಡುವುದು ತಡವಾದರೆ ಪಾಠವೇ ತಪ್ಪುತ್ತದೆ. ಚಾಬೂಕಿನಿಂದ ಬರುವುದು ಹೆದರಿಕೆ. ಹೆದರಿದ ಕುದುರೆ ಓಡೀತು, ನಿಲ್ಲಿಸುವುದು ಹೇಗೆ?

ಇದು ಹೊಸ ಮಾತಲ್ಲ. ಗ್ರೀಸಿನಲ್ಲಿ ಸುಮಾರು 2,400 ವರ್ಷದ ಹಿಂದೆ ಝೆನೊಫನ್ ಎಂಬ ಸೈನಿಕ ಕುದುರೆ ಸವಾರಿಯ ಬಗ್ಗೆ ಬರೆದ. ಬಲವಂತದಿಂದ ಮಾಡಿಸಿದ್ದು ಕುದುರೆಗೆ ತಿಳಿಯುವುದಿಲ್ಲ, ಕುಣಿಯುವವನಿಗೆ ಚಾಬೂಕಿನಿಂದ ಹೊಡೆದು ಕುಣಿಸಿದರೆ ಅದರಲ್ಲಿ ಏನು ಚೆಂದ, ಎಂದು ಕೇಳಿದ. ನಮ್ಮ ನಾಡಿನಲ್ಲೂ ಇತ್ತು ಈ ವಿದ್ಯೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಯ ವಿನೋದಕ್ಕೆ ಒಂದು ಅಧ್ಯಾಯವನ್ನೇ ಇಟ್ಟ. ವಿಜಯಪುರದ ಆದಿಲ್‌ಶಾಹಿಗಳು ಅರಬ್ ಕುದುರೆಗಾಗಿ ಪಶ್ಚಿಮ ಕರಾವಳಿಯ ಬಂದರುಗಳತ್ತ ಕಣ್ಣಿಟ್ಟಿದ್ದರು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದಾಗ ಕುದುರೆ ವ್ಯಾಪಾರವೂ ಅವರ ಕೈಗೆ ಹೋಯಿತು. ಭೀಮೆಯ ತಡಿಯಲ್ಲಿ ಬೆಳೆದ ಭೀಮಥಡಿ ಕುದುರೆ ಮರಾಠರ ಸೈನ್ಯವನ್ನು ಹೊತ್ತು ತಿರುಗಿತು. ಇಷ್ಟೆಲ್ಲ ಇದ್ದ ನೆಲದಲ್ಲಿ ಮರಿಯನ್ನು ಎಷ್ಟು ವರ್ಷಕ್ಕೆ ಗಾಡಿಗೆ ಕಟ್ಟಬೇಕು ಎಂದು ಕೇಳಲು ಒಬ್ಬ ಹುಡುಗ ಪತ್ರಿಕೆಗೆ ಬರೆಯಬೇಕಾಗಿದೆ. ನನಗೆ ಬಹಳ ಬೇಸರವಾಗುವುದು ಇದಕ್ಕೇ.

ಗೋಮಾಳ ಹೋದವು, ಮರಿ ಓಡುವ ಬಯಲೆಲ್ಲ ಕಬ್ಬಾಯಿತು. ಟಾಂಗಾ ಅಜ್ಜಂದಿರು ಒಬ್ಬೊಬ್ಬರೇ ಹೋದರು, ಅವರ ಕೈಯಲ್ಲಿದ್ದ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಉಳಿದದ್ದು ಶರ್ಯತ್ತು, ಬಹುಮಾನದ ಬೈಕು. ಮಕ್ಕಳ ವಿಷಯದಲ್ಲೂ ನಾವು ಹೀಗೇ ಆಗಿದ್ದೇವೆ ಅಲ್ವಾ? ಎರಡೂವರೆ ವರ್ಷದ ಕೂಸಿನ ಬೆನ್ನಿಗೆ ಚೀಲ ಕಟ್ಟುತ್ತೇವೆ. ನಾಲ್ಕನೇ ಇಯತ್ತೆಗೆ ಬಂತು ಅಂದರೆ ಪರೀಕ್ಷೆಯ ಕೋಚಿಂಗು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ವ್ಯಾನಿಗೆ ತುಂಬುತ್ತೇವೆ. ನನ್ನ ಮೊಮ್ಮಗಳು ಆ ವ್ಯಾನಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಬಿಜಲಿಯ ನೆನಪಾಗುತ್ತದೆ. ಆ ಹಳೆಯ ಗ್ರೀಕ್ ಸೈನಿಕ, ಮಗನನ್ನು ಗುರುವಿಗೆ ಒಪ್ಪಿಸುವಂತೆ ಮರಿಯನ್ನು ಕಲಿಸುವವನಿಗೆ ಒಪ್ಪಿಸಬೇಕು, ಏನು ಕಲಿಸಬೇಕೆಂದು ಮೊದಲೇ ಬರೆದು ಕೊಡಬೇಕು ಅಂದಿದ್ದ. ನಾವು ಫೀಸು ಕಟ್ಟಿ ರಸೀದಿ ಇಸಿದುಕೊಂಡು ಬರುತ್ತೇವೆ.

ಇರಲಿ, ನಿಮ್ಮ ಮರಿಗೆ ಬರೋಣ. ನೀವು ರೈತರ ಮನೆಯವರು. ಹೋರಿಯ ಹಲ್ಲು ನೋಡದೆ ನೊಗ ಹೂಡುತ್ತೀರಾ? ಎರಡು ಹಲ್ಲಿಗೆ ಹಗುರಾಗಿ ರೂಢಿ ಮಾಡಿಸಿ, ಹಾಲುಹಲ್ಲೆಲ್ಲ ಬಿದ್ದು ಹೊಸವು ತುಂಬಿ ಬಾಯಿಗೂಡಿದ ಮೇಲೆ ಭಾರದ ಗಾಡಿ ಕಟ್ಟುತ್ತೀರಿ. ಕುದುರೆಗೂ ಅದೇ ಲೆಕ್ಕ ಹಿಡಿಯಿರಿ. ಮುಂದಿನ ಹಲ್ಲು ಮೇಲೆ ಆರು, ಕೆಳಗೆ ಆರು. ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬಿದ್ದು ಹೊಸದು ಬರುತ್ತದೆ. ಮೂರೂವರೆಗೆ ಪಕ್ಕದ ಜೋಡಿ. ನಾಲ್ಕೂವರೆಗೆ ತುದಿಯದು. ಐದಕ್ಕೆ ಬಾಯಿಗೂಡುತ್ತದೆ. ಇದೇ ಹೊತ್ತಿಗೆ ದವಡೆಯ ಹಾಲುಹಲ್ಲೂ ಉದುರುತ್ತವೆ, ಒಸಡು ನೋಯುತ್ತಿರುತ್ತದೆ. ಆ ದಿನಗಳಲ್ಲಿ ಮರಿ ಕಡಿವಾಣಕ್ಕೆ ತಲೆ ಕೊಡವಿದರೆ ಅದನ್ನು ಸೊಕ್ಕು ಅಂತ ತಿಳಿಯಬೇಡಿ, ಬಾಯಿ ತೆರೆದು ನೋಡಿ. ಮೂರೂವರೆ ದಾಟಿದ ಮೇಲೆ ಖಾಲಿ ಗಾಡಿ, ಮಣ್ಣಿನ ದಾರಿಯಲ್ಲಿ, ನಡಿಗೆ ಮತ್ತು ದುಡಕಿ (ಸಣ್ಣ ಓಟ) ಅಷ್ಟೇ. ಶರ್ಯತ್ತು ಐದಕ್ಕೆ. ನಿಮ್ಮ ಕಾಕಾ ನಾಲ್ಕು ಅಂದಿದ್ದಾರೆ, ನಾನು ಇನ್ನೊಂದು ವರ್ಷ ಸೇರಿಸುತ್ತಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಈ ವರ್ಷದ ಜಾತ್ರೆಗೂ ಮರಿಯನ್ನು ಕರೆದುಕೊಂಡು ಹೋಗಿ. ಗಾಡಿ ಬೇಡ, ಜೀನು ಬೇಡ, ಬರೀ ಮುಖದ ಹಗ್ಗ ಸಾಕು. ಊರಲ್ಲಿ ಯಾರದಾದರೂ ವಯಸ್ಸಾದ, ಸಮಾಧಾನದ ಕುದುರೆ ಇದ್ದರೆ ಅದರ ಪಕ್ಕ ನಿಲ್ಲಿಸಿ. ಹಲಗಿ, ಡೊಳ್ಳು, ಪಟಾಕಿ, ಬಲೂನು, ಜನ ಎಲ್ಲ ನೋಡಲಿ. ಬೆಚ್ಚಿದರೆ ಹೊಡೆಯಬೇಡಿ. ಕುತ್ತಿಗೆ ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ಕರೆದು, ಮತ್ತೆ ನಿಧಾನ ಹತ್ತಿರ ತನ್ನಿ. ಹಗ್ಗವನ್ನು ಕಾಕಾನೇ ಹಿಡಿಯಲಿ. ನೀವು ಪಕ್ಕದಲ್ಲಿ ನಿಂತು ಅವರ ಕೈ ನೋಡಿ, ಯಾವಾಗ ಬಿಗಿ ಮಾಡುತ್ತಾರೆ, ಯಾವಾಗ ಬಿಡುತ್ತಾರೆ ಅಂತ. ಮತ್ತೆ, ಪತ್ರದಲ್ಲಿ ಬೆಲೆ ಬರೆದಿದ್ದೀರಿ, ಬಣ್ಣ ಬರೆದಿದ್ದೀರಿ, ಮರಿಯ ಹೆಸರು ಬರೆದಿಲ್ಲ. ಜಾತ್ರೆ ಮುಗಿಸಿ ಬಂದ ಮೇಲೆ ಅದನ್ನೂ ಬರೆದು ಕಳಿಸಿ.

– ಸಂ.