ರಾಬಿನ್ ಕುಕ್ ಬಿಟ್ಟದ್ದು ಯಾವ ಹುದ್ದೆಯನ್ನು?

ಇರಾಕ್ ಯುದ್ಧವನ್ನು ವಿರೋಧಿಸಿದ್ದಕ್ಕೇ ಬ್ರಿಟನ್ನಿನ ರಾಜಕಾರಣಿ ರಾಬಿನ್ ಕುಕ್ ವಿದೇಶಾಂಗ ಖಾತೆ ಕಳೆದುಕೊಂಡರೇ ಎಂದು ಕೇಳಿದ್ದೀರಿ. ಇಲ್ಲ, ಎರಡು ಘಟನೆಗಳು ಕಲಸಿಹೋಗಿವೆ. 1997ರಲ್ಲಿ ಕೊಟ್ಟಿದ್ದ ಆ ಖಾತೆಯನ್ನು ಪ್ರಧಾನಿ ಟೋನಿ ಬ್ಲೇರ್ 2001ರ ಚುನಾವಣೆ ಮುಗಿದೊಡನೆ ಜಾಕ್ ಸ್ಟ್ರಾಗೆ ವಹಿಸಿದರು. ಕುಕ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ನಾಯಕರಾದರು. ಹಿಂಬಡ್ತಿಯೇ ಅನ್ನಿ. 2003ರ ಮಾರ್ಚ್ 17ರಂದು ಯುದ್ಧವನ್ನು ವಿರೋಧಿಸಿ ರಾಜೀನಾಮೆ ಕೊಟ್ಟದ್ದು ಈ ಎರಡನೆಯ ಹುದ್ದೆಗೆ.

ಅಂದು ರಾತ್ರಿ ಅವರು ಹಿಂದಿನ ಬೆಂಚಿನಿಂದ, ಅಂದರೆ ಹುದ್ದೆಯಿಲ್ಲದ ಸದಸ್ಯರ ಸಾಲಿನಿಂದ, ಮಾತನಾಡಿದರು, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ. ಸಾಮೂಹಿಕ ವಿನಾಶದ ಅಸ್ತ್ರಗಳು, ಆ ಪದದ ರೂಢಿಯ ಅರ್ಥದಲ್ಲಿ, ಇರಾಕಿನ ಬಳಿ ಬಹುಶಃ ಇಲ್ಲ ಎಂದರು. ಬ್ಲೇರ್ ಮೇಲೆ ಕೆಸರೆರಚಲಿಲ್ಲ. ನನಗೆ ಹಿಡಿಸುವುದು ಅದೇ. ಚಪ್ಪಾಳೆಯ ವಾಡಿಕೆಯೇ ಇಲ್ಲದ ಆ ಸದನದಲ್ಲಿ ಕೆಲವು ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲಿವಿಂಗ್‌ಸ್ಟನ್ ಕ್ಷೇತ್ರದ ಸಂಸದರಾಗಿದ್ದಾಗಲೇ, 2005ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಬೆನ್ ಸ್ಟ್ಯಾಕ್ ಬೆಟ್ಟದಲ್ಲಿ ನಡೆಯುತ್ತಿರುವಾಗ ಕುಸಿದು ತೀರಿಕೊಂಡರು.